ಸುಮ್ಮನೆ ಕೂತವರ ಜಾಗ

ಸುಮ್ಮನೆ ಕೂತವರನ್ನು ಕಂಡರೆ ನಮ್ಮ ಯಜಮಾನನಿಗೆ ಆಗುವುದಿಲ್ಲ. ಯಜಮಾನ ಎಂದರೆ ಮನುಷ್ಯನಲ್ಲ, ಒಂದು ತಂತ್ರಾಂಶ. ಕಾಗದದ ಮೇಲೆ ಅದಕ್ಕೆ ‘ಸಮತೋಲನ’ ಎಂಬ ಚೆಂದದ ಹೆಸರಿದೆ. ಗದಗಿನಿಂದ ಮುಂಡರಗಿಗೆ ಹೋಗುವ ರಸ್ತೆಯಲ್ಲಿ, ಗಾಳಿಯಂತ್ರಗಳ ಸಾಲಿನ ಕೆಳಗಿರುವ ನಮ್ಮ ದತ್ತಾಂಶ ಕೇಂದ್ರದಲ್ಲಿ ಯಾರೂ ಅದನ್ನು ಆ ಹೆಸರಿನಿಂದ ಕರೆದದ್ದು ನಾನು ಕೇಳಿಲ್ಲ. ಮನೆಯಲ್ಲಿ ಯಾರ ಎಲೆಗೆ ಎಷ್ಟು ಬೀಳಬೇಕೆಂದು ತೀರ್ಮಾನಿಸುವವನು ಯಜಮಾನ ತಾನೆ? ಇದೂ ಅದನ್ನೇ ಮಾಡುತ್ತದೆ, ಯಾರ ಮುಖವನ್ನೂ ನೋಡದೆ.

ನಮ್ಮ ಯಂತ್ರಗಳಲ್ಲಿ ಓಡುವುದು ಜನರ ದನಿ. ಕ್ಯಾನ್ಸರಿನಿಂದ ಗಂಟಲಿನ ಧ್ವನಿಪೆಟ್ಟಿಗೆಯನ್ನೇ ತೆಗೆಸಿಕೊಂಡವರಿಗೆ ಸರ್ಕಾರ ಒಂದು ದನಿಪಟ್ಟಿ ಕೊಡುತ್ತದೆ. ಎರಡು ಬೆರಳಗಲದ ಪಟ್ಟಿ, ಕೊರಳಿಗೆ ಕಟ್ಟಿಕೊಳ್ಳುವಂಥದ್ದು. ಮಾತಾಡಬೇಕೆಂದುಕೊಂಡಾಗ ಕೊರಳಿನ ಸ್ನಾಯುಗಳು ಮಿಸುಕುತ್ತವಲ್ಲ, ಪಟ್ಟಿ ಅದನ್ನು ಹಿಡಿದು ನಮ್ಮಲ್ಲಿಗೆ ಕಳಿಸುತ್ತದೆ. ಇಲ್ಲಿ ಅದು ಮಾತಾಗಿ, ಅವರದೇ ಹಳೆಯ ದನಿಯಲ್ಲಿ, ಕಣ್ಣು ಮಿಟುಕಿಸುವಷ್ಟರಲ್ಲಿ ವಾಪಸ್ಸು ಹೋಗುತ್ತದೆ. ಒಬ್ಬೊಬ್ಬರ ಕೊರಳು ಒಂದೊಂದು ಥರ ಮಿಸುಕುವುದರಿಂದ ಒಬ್ಬೊಬ್ಬರಿಗೂ ಒಂದೊಂದು ವರ್ಚುವಲ್ ಯಂತ್ರ ಬೇಕು. ವರ್ಚುವಲ್ ಯಂತ್ರವೆಂದರೆ ಕೈಗೆ ಸಿಗುವ ಯಂತ್ರವಲ್ಲ. ದೊಡ್ಡ ಯಂತ್ರದೊಳಗೆ ಗೆರೆ ಎಳೆದು, ‘ಇದಿಷ್ಟೂ ನಿನ್ನದು’ ಎಂದು ನಂಬಿಸಿಟ್ಟ ಜಾಗ.

ತೊಂದರೆ ಇರುವುದೇ ಆ ನಂಬಿಸುವುದರಲ್ಲಿ. ಇರುವ ಜಾಗಕ್ಕಿಂತ ಎಷ್ಟೋ ಹೆಚ್ಚು ಜನರಿಗೆ ನಾವು ‘ನಿನ್ನದು’ ಎಂದು ಹೇಳಿಬಿಟ್ಟಿದ್ದೇವೆ. ಮದುವೆಗೆ ಊರೆಲ್ಲ ಕರೆದರೂ ಎಲ್ಲರೂ ಒಂದೇ ಪಂಕ್ತಿಗೆ ಕೂರುವುದಿಲ್ಲ ಎಂಬ ಧೈರ್ಯ. ಆದ್ದರಿಂದ ಯಾರು ಮಾತಾಡದೆ ಸುಮ್ಮನಿದ್ದಾರೋ ಅವರ ಜಾಗವನ್ನು ಯಜಮಾನ ಮಾತಾಡುವವರಿಗೆ ಕೊಡುತ್ತಾನೆ. ಕಸಿದುಕೊಳ್ಳುವ ರೀತಿಯೂ ಚೆಂದವೇ. ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುವುದಿಲ್ಲವೇ, ಹಾಗೆ ನಿಮ್ಮ ಯಂತ್ರದೊಳಗೇ ಒಂದು ಟವೆಲ್ ಹಾಕುತ್ತಾನೆ. ನಿಮ್ಮ ಯಂತ್ರ, ‘ಓ, ಇಲ್ಲಿ ಯಾರೋ ಇದ್ದಾರೆ’ ಎಂದು ಪಾಪ ಒತ್ತಿಕೊಂಡು ಕೂರುತ್ತದೆ. ಮೊದಲು ಮಾತು ತಡವಾಗಿ ಬರುತ್ತದೆ. ಇನ್ನಷ್ಟು ಜಾಗ ಹೋದರೆ ನಿಮ್ಮ ದನಿ ಹೋಗಿ, ರೈಲು ನಿಲ್ದಾಣದಲ್ಲಿ ಕೇಳುವಂಥ, ಯಾರದೂ ಅಲ್ಲದ ದನಿ ಬರುತ್ತದೆ. ಆಮೇಲೂ ಸುಮ್ಮನಿದ್ದರೆ, ನಿಮ್ಮ ಕೊರಳಿನ ಬಗ್ಗೆ ಯಂತ್ರ ಕಲಿತದ್ದೆಲ್ಲವನ್ನೂ ಅಳಿಸಿ ಜಾಗ ತೆರವು ಮಾಡುತ್ತಾರೆ. ಮತ್ತೆ ಬೇಕೆಂದರೆ ಹೊಸದಾಗಿ ಅರ್ಜಿ ಹಾಕಿ ಸರದಿಯಲ್ಲಿ ನಿಲ್ಲಬೇಕು. ಆ ಸರದಿ ಮುಂದೆ ಸರಿದದ್ದನ್ನು ನಾನಂತೂ ಕಂಡಿಲ್ಲ.

ಈ ಗುಟ್ಟು ಹೊರಗೆ ಬಿದ್ದಾಗ ಜನ ಏನು ಮಾಡಬೇಕೋ ಅದನ್ನೇ ಮಾಡಿದರು. ರೋಣದ ಅಜ್ಜ ಒಬ್ಬರು ಹುಬ್ಬಳ್ಳಿಯವರೆಗಿನ ಬಸ್ ನಿಲ್ದಾಣಗಳ ಹೆಸರನ್ನು ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ ಹೇಳತೊಡಗಿದರು. ನರಗುಂದದಲ್ಲಿ ಒಬ್ಬಾಕೆಗೆ ಮಗ, ‘ಏನಾರ ಮಾತಾಡಬೇ, ಸುಮ್ನಿರಬ್ಯಾಡ’ ಎಂದನಂತೆ. ಆಕೆ ಸೊಸೆಯನ್ನು ಬೈಯಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ. ಎಲ್ಲರೂ ಹೀಗೆ ಟವೆಲ್ ಹಾಕಿ ಕೂತರೆ ಬಸ್ಸು ದೊಡ್ಡದಾಗುತ್ತದೆಯೇ? ಇದ್ದ ಜಾಗಕ್ಕೆ ಇನ್ನಷ್ಟು ನೂಕುನುಗ್ಗಲಾಯಿತು. ಬೇಕಾದ ಮಾತೂ ಬೇಡದ ಮಾತೂ ಪರದೆಯ ಮೇಲೆ ಒಂದೇ ಬಣ್ಣದ ಗೆರೆ. ಆ ಗೆರೆಗಳನ್ನು ದಿನವೆಲ್ಲ ನೋಡುವುದು ನನ್ನ ಉದ್ಯೋಗ. ಸಂಪನ್ಮೂಲ ನಿರ್ವಾಹಕಿ ಎಂದು ಹುದ್ದೆಯ ಹೆಸರು. ನಿರ್ವಹಿಸುವುದು ಯಜಮಾನ, ಬೈಸಿಕೊಳ್ಳುವುದು ನಾನು.

ಆ ಗೆರೆಗಳಲ್ಲಿ ಒಂದು ನನ್ನ ಅಪ್ಪನದು. ಅಪ್ಪ ಚನ್ನವೀರಪ್ಪ ಕೊಣ್ಣೂರ, ಗದಗಿನ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ಸವಾಲು, ಅಂದರೆ ಹರಾಜು, ಕೂಗುತ್ತಿದ್ದವನು. ಅವನು ಕೂಗಲು ನಿಂತರೆ ಅಂಗಳದ ಆ ತುದಿಯಲ್ಲಿ ಚೀಲ ಹೊಲಿಯುವವರೂ ಸೂಜಿ ನಿಲ್ಲಿಸುತ್ತಿದ್ದರು. ತಂಬಾಕು ಆ ಗಂಟಲನ್ನು ತಿಂದಿತು. ಆಪರೇಷನ್ ಆದಮೇಲೆ, ದನಿಪಟ್ಟಿ ಬರುವವರೆಗೆ, ಅಪ್ಪ ಕನ್ನಡಿ ನೋಡುವುದನ್ನೇ ಬಿಟ್ಟಿದ್ದ. ಪಟ್ಟಿ ಕಟ್ಟಿದ ದಿನ ಅವನ ಬಾಯಿಂದ ಬಂದ ಮೊದಲ ಮಾತು, ‘ಶಂಕ್ರವ್ವಾ, ಚಾ’. ಅವ್ವ ಚಹಾ ಸುರಿದುಕೊಂಡು ಅತ್ತಿದ್ದಳು.

ಹೀಗಿರುವಾಗ ನನ್ನ ಅಣ್ಣನ ಮಗಳ ನಿಶ್ಚಯ ಬಂತು. ಬೆಟಗೇರಿಯ ನಮ್ಮ ಮನೆಯಲ್ಲೇ ಗಂಡಿನವರು ಕೂತಿದ್ದರು. ನಮ್ಮಲ್ಲೊಂದು ಪದ್ಧತಿ, ಹೆಣ್ಣಿನ ಕಡೆಯ ಹಿರಿಯ ಅಂಥ ಹೊತ್ತಿನಲ್ಲಿ ಬಾಯಿ ಬಿಗಿಹಿಡಿದು ಕೂರಬೇಕು. ಕೇಳಿದರಷ್ಟೇ ಮಾತು. ಹೆಚ್ಚು ಮಾತಾಡಿದರೆ ಮಗಳನ್ನು ದಾಟಿಸಲು ಅವಸರವಿದೆ ಎಂದುಕೊಳ್ಳುತ್ತಾರೆ. ಅಪ್ಪ ಬೆಳಿಗ್ಗೆಯಿಂದ ರುಮಾಲು ಸುತ್ತಿಕೊಂಡು ಗಂಭೀರವಾಗಿ ಕೂತ. ಯಜಮಾನನಿಗೆ ರುಮಾಲು ಕಾಣುತ್ತದೆಯೇ? ‘ಈತ ಸುಮ್ಮನಿದ್ದಾನೆ’ ಎಂದು ಟವೆಲ್ ಹಾಕುತ್ತ ಹೋದ.

ಗಂಡಿನ ಸೋದರಮಾವ ಸಲಿಗೆಯಿಂದ ತಾನೇ ಮಿರ್ಚಿ ಭಜಿಯ ತಟ್ಟೆ ಹಿಡಿದು ಬಂದ. ‘ಮಿರ್ಚಿ ಇನ್ನೊಂದೀಟು ಹಾಕ್ಲೇನ್ರಿ?’ ಎಂದು ಕೇಳಿದ. ಅಪ್ಪನ ತುಟಿ ಅಲ್ಲಾಡಿತು, ದನಿ ಬರಲಿಲ್ಲ. ಆತ ಮಿರ್ಚಿ ಹಾಕಿ, ಪಕ್ಕದಲ್ಲಿ ಕೂತು, ತಮಾಷೆಗೆ ಇನ್ನೊಂದು ಕೇಳಿದ.

‘ಹುಡುಗಿಗೆ ಸಿಟ್ಟು ಜಾಸ್ತಿ ಅಂತಾರಲ್ರೀ, ಖರೇನು?’

ಆಗ ಬಂತು, ಮಿರ್ಚಿಯ ಮಾತಿಗೆ ತಡವಾಗಿ, ಅಪ್ಪನ ಭರ್ಜರಿ ದನಿ. ‘ಹೂಂ ಮತ್ತ! ಇನ್ನೊಂದೀಟು ಇದ್ರೂ ನಡೀತೈತಿ.’

ಮನೆ ಬಿದ್ದುಹೋಗುವಂತೆ ನಕ್ಕರು. ಎಲ್ಲರಿಗಿಂತ ಹೆಚ್ಚು ನಕ್ಕವಳು ಅವ್ವ. ಸೆರಗು ಬಾಯಿಗಿಟ್ಟುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಗಂಡಿನವರು ಬೀಗರಾಗಿ ಹೋದರು, ನಿಶ್ಚಯವೂ ಆಯಿತು. ಅವರ ಗಾಡಿ ಓಣಿ ದಾಟುತ್ತಲೇ ಅಪ್ಪ ದನಿಪಟ್ಟಿಯನ್ನು ಬಿಚ್ಚಿ ಗೋಡೆಯ ಮೊಳೆಗೆ ನೇತುಹಾಕಿದ. ಅವ್ವನ ಜೊತೆ ಮಾತು ಬಿಟ್ಟ.

ಮಾತು ಬಿಡುವುದು ನಮ್ಮ ಮನೆತನಕ್ಕೆ ಹೊಸದಲ್ಲ. ನಮ್ಮ ದೊಡ್ಡಪ್ಪ ಒಂದು ಎತ್ತಿನ ವಿಷಯಕ್ಕೆ ತನ್ನ ಇನ್ನೊಬ್ಬ ತಮ್ಮನೊಡನೆ ಮಾತು ಬಿಟ್ಟವನು, ಎತ್ತು ಸತ್ತಮೇಲೂ ಬಿಟ್ಟೇ ಇದ್ದ. ಆದರೆ ಅಪ್ಪ ಪಟ್ಟಿಯನ್ನೇ ಬಿಚ್ಚಿದ್ದರಿಂದ ಊರಿನ ಯಾರ ಜೊತೆಗೂ ಮಾತಿಲ್ಲದಂತಾಯಿತು. ಹಸಿವಾದರೆ ತಾನೇ ಬಡಿಸಿಕೊಳ್ಳುವನು. ಅವ್ವ ಅವನೆದುರು ನಿಂತು ಕಂಬದೊಡನೆ ಮಾತಾಡುವಳು: ‘ರೊಟ್ಟಿ ಆರಾಕತ್ತಾವು. ಉಣ್ಣಾವ್ರು ಉಣಬಹುದು.’ ಅಪ್ಪ ಕಂಬಕ್ಕೆ ತಲೆಯಾಡಿಸುವನು. ಬೇರೆ ಸಮಯದಲ್ಲಾಗಿದ್ದರೆ ನಾನೂ ನಗುತ್ತಿದ್ದೆ.

ಕೇಂದ್ರದಲ್ಲಿ ಅಪ್ಪನ ಗೆರೆ ನೆಲಕ್ಕಂಟಿ ಮಲಗಿತ್ತು. ಅವನ ಜಾಗ ದಿನದಿಂದ ದಿನಕ್ಕೆ ಸವೆಯುತ್ತಿತ್ತು. ತೆರವು ಮಾಡಬೇಕಾದವರ ಸಾಲಿಗೆ ಅವನ ಹೆಸರು ಬಂದ ದಿನ ನಾನು ಬೆಂಗಳೂರಿನ ಪ್ರಧಾನ ಕಚೇರಿಗೆ ಫೋನ್ ಮಾಡಿದೆ. ಅಲ್ಲಿ ಮುರಳೀಧರ ಎಂಬುವವರು ಈ ನಿಯಮಗಳಿಗೆಲ್ಲ ಹೊಣೆ. ಬೈದರೂ ಸಿಟ್ಟಾಗದ ಮನುಷ್ಯ. ಅದಕ್ಕೇ ಅವರ ಮೇಲೆ ನನಗೆ ಇನ್ನೂ ಸಿಟ್ಟು.

‘ಸರ್, ಮಾತಾಡದೆ ಇರೋರೆಲ್ಲ ಪಟ್ಟಿ ಬೇಡ ಅಂದವರಲ್ಲ. ಮನುಷ್ಯರು ಸುಮ್ಮನೆ ಇರ್ತಾರೆ. ಮುನಿಸ್ಕೊಂಡು ಇರ್ತಾರೆ, ದುಃಖ ಆದ್ರೆ ಇರ್ತಾರೆ, ಶ್ರಾವಣದಲ್ಲಿ ಮೌನ ಹಿಡಿದವರೇ ಎಷ್ಟು ಜನ ಇದಾರೆ ಇಲ್ಲಿ.’

‘ನೀವು ಹೇಳೋದು ನೂರಕ್ಕೆ ನೂರು ನಿಜ ಮೇಡಂ. ಆದ್ರೆ ಸಿಸ್ಟಮ್‌ಗೆ ಹೆಂಗೆ ಹೇಳೋದು? ಮಾತು ಅಳೀಬಹುದು. ಸುಮ್ಮನಿರೋದನ್ನ ಹೆಂಗೆ ಅಳೀತೀರಾ?’

‘ಅಳೀಬ್ಯಾಡ್ರಿ! ಬಿಟ್ಟುಬಿಡ್ರಿ!’ ಸಿಟ್ಟಿನಲ್ಲಿ ನನ್ನ ಊರಿನ ಮಾತೇ ಬಂತು.

‘ಬಿಟ್ರೆ ಹೊಸಬರಿಗೆ ಜಾಗ ಎಲ್ಲಿಂದ ತರೋದು ಮೇಡಂ? ಆಪರೇಷನ್ ಆಗಿ ಒಂದು ಮಾತೂ ಇಲ್ದೆ ಕಾಯ್ತಾ ಇದಾರಲ್ಲ, ಅವರಿಗೆ ಏನು ಹೇಳ್ತೀರಾ?’

ಹೊಸ ಯಂತ್ರ ತರಿಸಿ ಎಂದೆ. ಮೇಲಕ್ಕೆ ಬರೆದಿದ್ದೇವೆ ಎಂದರು. ನಾನು ಈ ಕೆಲಸಕ್ಕೆ ಸೇರಿದಾಗಲೂ ಅವರು ಮೇಲಕ್ಕೆ ಬರೆದಿದ್ದರು. ನನ್ನ ಕೈಯಾರೆ ಅಪ್ಪನಿಗೆ ಜಾಗ ಉಳಿಸಲೂ ಆಗದು. ನಿರ್ವಾಹಕರ ಸಂಬಂಧಿಕರ ಗೆರೆಯನ್ನು ನಿರ್ವಾಹಕರು ಮುಟ್ಟಿದರೆ ಯಜಮಾನ ಬಾಗಿಲು ಹಾಕಿಕೊಳ್ಳುತ್ತಾನೆ. ಒಳ್ಳೆಯ ನಿಯಮವೇ. ಒಳ್ಳೆಯ ನಿಯಮಗಳ ನಡುವೆ ಸಿಕ್ಕಿ ಸಾಯುವುದು ಬೇರೆ ಥರದ ಸಾವು.

ಉಳಿದ ದಾರಿ ಒಂದೇ. ಅಪ್ಪನೇ ಮಾತಾಡಬೇಕು. ಮನೆಗೆ ಹೋದವಳೇ ಮೊಳೆಯಿಂದ ಪಟ್ಟಿ ತೆಗೆದು ಅವನ ಮುಂದೆ ಹಿಡಿದೆ.

‘ಯಪ್ಪಾ, ಇದನ್ನ ಕಟ್ಕೊಂಡು ಏನಾರ ಮಾತಾಡು. ಅವ್ವನ ಕೂಡ ಬ್ಯಾಡ, ನನ್ನ ಕೂಡ ಮಾತಾಡು. ಇಲ್ಲಾಂದ್ರ ನಿನ್ನ ದನೀನ ತಗದಬಿಡ್ತಾರ.’

ಅಪ್ಪ ನನ್ನನ್ನು ನೋಡಿದ, ಅಡಿಗೆಮನೆಯ ಬಾಗಿಲಲ್ಲಿ ನಿಂತ ಅವ್ವನನ್ನು ನೋಡಿದ, ತಲೆಯಾಡಿಸಿ ಮುಗುಳ್ನಕ್ಕ. ಆ ನಗೆಯ ಅರ್ಥ ನನಗೆ ಚೆನ್ನಾಗಿ ಗೊತ್ತು. ಮಾರುಕಟ್ಟೆಯಲ್ಲಿ ಇಬ್ಬರು ವ್ಯಾಪಾರಿಗಳು ಒಳಗೊಳಗೇ ಮಾತಾಡಿಕೊಂಡು ಬಂದಾಗ ಅವನು ಹಾಗೇ ನಗುತ್ತಿದ್ದ. ತಾಯಿ ಮಗಳು ಸೇರಿ ತನ್ನ ಹಟ ಮುರಿಯಲು ಹೂಡಿದ ಆಟ ಇದು ಎಂದುಕೊಂಡಿದ್ದ. ಆಣೆ ಮಾಡಿದೆ. ಆಫೀಸಿನ ಪರದೆಯ ಚಿತ್ರ ತೋರಿಸಿದೆ. ಅವನು ಟಿ.ವಿ. ಹಾಕಿಕೊಂಡ. ಆ ಪಟ್ಟಿಯನ್ನು ಎಸೆದುಬಿಡೋಣ ಎನ್ನುವಷ್ಟು ಸಿಟ್ಟು ಬಂತು ನನಗೆ, ಮತ್ತೆ ಮೊಳೆಗೇ ಹಾಕಿದೆ.

‘ಬಿಡು,’ ಎಂದಳು ಅವ್ವ, ಒಳಗೆ ಕರೆದು. ‘ನಿಮ್ಮಪ್ಪಗ ಬುದ್ಧಿ ಹೇಳಿದ್ರ ಬರಂಗಿಲ್ಲ. ಉರಿ ಹತ್ತಿದ್ರ ಬರ್ತಾನ.’

ಮರುದಿನ ಮುಂಜಾನೆ, ಓಣಿಯಲ್ಲಿ ಜನ ನೀರು ಹಿಡಿಯುವ ಹೊತ್ತಿಗೆ, ಅವ್ವ ಕಟ್ಟೆಯ ಮೇಲೆ ನಿಂತಳು. ಕೈಯಲ್ಲಿ ಅಪ್ಪನ ರುಮಾಲು. ಅದನ್ನು ಎತ್ತಿ ಹಿಡಿದು ಸವಾಲು ಕೂಗತೊಡಗಿದಳು.

‘ಬರ್ರೆವ್ವಾ ಬರ್ರಿ! ಹಳೇ ರುಮಾಲು, ಒಳಗ ತಲಿ ಇಲ್ಲ! ಯಾರಿಗೆ ಬೇಕ್ರಿ, ಯಾರಿಗೆ ಬೇಕ್ರಿ?’

ಅವಳು ಅಪ್ಪನೊಡನೆ ಮಾತಾಡಿದಂತಾಗಲಿಲ್ಲ, ಊರಿನೊಡನೆ ಮಾತಾಡಿದಳು. ಮಾತು ಬಿಟ್ಟವರ ನಿಯಮ ಮುರಿಯಲಿಲ್ಲ. ಆದರೆ ಕೂಗಿದ ಧಾಟಿ ಎಷ್ಟು ಕೆಟ್ಟದಾಗಿತ್ತೆಂದರೆ, ತರಕಾರಿ ಮಾರುವವರು ಕೂಡ ಹಾಗೆ ಕೂಗುವುದಿಲ್ಲ. ಎಳೆಯಬೇಕಾದಲ್ಲಿ ಕತ್ತರಿಸಿದಳು, ಕತ್ತರಿಸಬೇಕಾದಲ್ಲಿ ಎಳೆದಳು. ನೀರು ಹಿಡಿಯುವವರು ಕೊಡ ಬಿಟ್ಟು ನಗತೊಡಗಿದರು. ಒಳಗೆ ಅಪ್ಪನ ಕುರ್ಚಿ ಕಿರ್ರೆಂದಿತು. ಬಂದ, ಪಟ್ಟಿಯನ್ನು ಮೊಳೆಯಿಂದ ಕಿತ್ತು ಕೊರಳಿಗೆ ಸುತ್ತಿಕೊಳ್ಳುತ್ತಲೇ ಬಂದ. ತುಟಿಗಳು ಆಗಲೇ ಬೈಯುತ್ತಿದ್ದವು.

ದನಿ ಬಂತು. ಅದು ಅಪ್ಪನದಲ್ಲ.

‘ಏ ಹುಚ್ಚಿ. ಸವಾಲು. ಹಿಂಗ. ಕೂಗ್ತಾರೇನು.’ ರೈಲು ಹೊರಡುವ ಸಮಯ ಹೇಳುವ ದನಿ. ತಣ್ಣಗಿನ, ಸಭ್ಯ ದನಿ. ಅಪ್ಪ ಗಕ್ಕನೆ ನಿಂತು ಹಿಂದೆ ತಿರುಗಿ ನೋಡಿದ, ಯಾರೋ ಬೇರೆಯವರು ಮಾತಾಡಿದರೆಂದು. ಯಾರೂ ಇರಲಿಲ್ಲ. ಅವನ ಕೈ ತಾನಾಗಿ ಕೊರಳಿಗೆ ಹೋಯಿತು. ಆಗ ನನ್ನನ್ನು ನೋಡಿದ. ನಾನು ಹೇಳಿದ್ದು ಸುಳ್ಳಲ್ಲವೆಂದು ಅವನಿಗೆ ತಿಳಿದ ಆ ಮುಖ ನನಗೆ ಮರೆಯುವುದಿಲ್ಲ.

‘ನಿಲ್ಲಿಸಬ್ಯಾಡ ಯಪ್ಪಾ,’ ನಾನು ಕಿರುಚಿದೆ. ‘ಬೈ! ಇನ್ನಷ್ಟು ಬೈ!’

ಅಪ್ಪ ಬೈದ. ಅವ್ವನನ್ನು, ಅವ್ವನ ತವರನ್ನು, ನಿಶ್ಚಯದ ಮಿರ್ಚಿಯನ್ನು, ನನ್ನ ಆಫೀಸನ್ನು, ಯಜಮಾನನನ್ನು. ರೈಲು ನಿಲ್ದಾಣದ ದನಿಯಲ್ಲಿ ಅಷ್ಟೂ ಬೈಗುಳ ಕೇಳಿ ಓಣಿಯವರಿಗೆ ನಗಬೇಕೋ ಬೇಡವೋ ತಿಳಿಯಲಿಲ್ಲ. ಬೈಗುಳ ಮುಗಿದ ಮೇಲೆ ಅಪ್ಪ ಕಟ್ಟೆ ಹತ್ತಿ, ಅವ್ವನ ಕೈಯಿಂದ ರುಮಾಲು ಕಸಿದು, ಮೆಣಸಿನಕಾಯಿಯ ಸವಾಲು ಹಿಡಿದ. ಕೊನೆಗೂ ಅಲ್ಲಿ ಮುಂಡರಗಿ ರಸ್ತೆಯಲ್ಲಿ ಯಜಮಾನನಿಗೆ ಎಚ್ಚರವಾಗಿರಬೇಕು. ಒಂದು ಮಾತಿನ ಅರ್ಧ ಆ ದನಿಯಲ್ಲಿ ಬಂದರೆ, ಇನ್ನರ್ಧ ಅಪ್ಪನ ದನಿಯಲ್ಲಿ ಬಂತು. ಓಣಿಯ ಆ ತುದಿಯಲ್ಲಿ ನಾಯಿ ಬೊಗಳಿತು. ಅವ್ವ ಕಂಬ ಹಿಡಿದುಕೊಂಡು, ‘ಬಂತು, ಬಂತು’ ಎಂದಳು. ನಾನು ಎಲ್ಲರೆದುರು ಅತ್ತೆ.

ಆ ಸಂತೋಷ ಮಧ್ಯಾಹ್ನದವರೆಗೆ ಇತ್ತು. ಕೇಂದ್ರದಲ್ಲಿ ಕೂತಿದ್ದಾಗ ಲಕ್ಷ್ಮೇಶ್ವರದಿಂದ ಒಬ್ಬ ಹೆಣ್ಣುಮಗಳ ಫೋನ್ ಬಂತು. ಆಕೆಯ ಅತ್ತೆ ನಿವೃತ್ತ ಶಿಕ್ಷಕಿ, ನಮ್ಮ ಪಟ್ಟಿ ಕಟ್ಟಿಕೊಂಡವರು.

‘ನಮ್ಮತ್ತಿಯವರಿಗೆ ಮೂರ್ನಾಕ ದಿನದಿಂದ ಜ್ವರ ಇತ್ರೀ, ಮಲಗೇ ಇದ್ರು. ಇವತ್ತ ಎದ್ದು ಮೊಮ್ಮಗನ್ನ ಕರದ್ರ, ಹುಡುಗ ಹೆದರಿ ಓಡಿಹೋತು. ಯಾರದೋ ದನಿ ಬರಾಕತ್ತೈತ್ರಿ. ಜ್ವರದಾಗ ಮಲಗೂದೂ ತಪ್ಪೇನ್ರಿ?’

ತಪ್ಪಲ್ಲವಮ್ಮ ಎಂದೆ. ನೋಡುತ್ತೇನೆ ಎಂದೆ. ನೋಡಲು ಏನೂ ಉಳಿದಿರಲಿಲ್ಲ. ಪರದೆಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು, ಬೆಳಿಗ್ಗೆ ನೀರು ಹಿಡಿಯುವ ಹೊತ್ತಿಗೆ ಅವರ ಜಾಗದಿಂದ ಎತ್ತಿ ಒಂದು ದೊಡ್ಡ ಪಾಲನ್ನು ಯಜಮಾನ ಯಾರ ಯಂತ್ರಕ್ಕೆ ಕೊಟ್ಟಿದ್ದನೆಂದು. ಅವರನ್ನು ಹೇಗಾದರೂ ಮಾತಾಡಿಸುತ್ತಿರಿ, ಮೊಮ್ಮಗನಿಗೆ ಪಾಠ ಹೇಳಿಸಿ ಎಂದೆ. ಜ್ವರದ ಮುದುಕಿಗೆ ಇದನ್ನು ಹೇಳಲು ಸರ್ಕಾರ ನನಗೆ ಸಂಬಳ ಕೊಡುತ್ತದೆ.

ಅದನ್ನು ಅಪ್ಪನಿಗೆ ಹೇಳದಿದ್ದರೆ ಚೆನ್ನಾಗಿತ್ತೇನೋ. ಸಿಟ್ಟು ಒಬ್ಬಳಿಂದಲೇ ಹೊರಲಾಗಲಿಲ್ಲ, ಹೇಳಿಬಿಟ್ಟೆ. ಅಪ್ಪ ರುಮಾಲಿನ ಅಂಚು ತಿರುವಿದ.

‘ನಾ ಏನ ಮಾಡ್ಲಿ?’ ಎಂದ. ‘ನಾ ಸುಮ್ನಿದ್ರ ನಂದ ಕಸ್ಗೋತಾರ. ಮಾತಾಡಿದ್ರ ಇನ್ನೊಬ್ರದ ಕಸದು ಕೊಡ್ತಾರ. ನನಗ ಇದನ್ನ ಯಾಕ ಹೇಳ್ದಿ?’

ಅಂದಿನಿಂದ, ದನಿ ಮತ್ತೆ ಹೋದೀತೆಂಬ ಹೆದರಿಕೆಗೆ, ಅಪ್ಪ ಬಾಯಿ ಮುಚ್ಚಲಿಲ್ಲ. ಎದ್ದೊಡನೆ ಪಟ್ಟಿ ಕಟ್ಟಿಕೊಂಡು ಶುರು ಮಾಡುವನು. ಬ್ಯಾಡಗಿ, ಗುಂಟೂರು, ಡಬ್ಬಿ, ಕಡ್ಡಿ, ಎಲ್ಲ ಜಾತಿಯ ಮೆಣಸಿನಕಾಯಿ. ಮುಗಿದರೆ ಮಾರುಕಟ್ಟೆಯ ದಲಾಲರ ಅಡತಿ ಅಂಗಡಿಗಳ ಹೆಸರು, ಎಡಗಡೆಯ ಸಾಲು, ಬಲಗಡೆಯ ಸಾಲು. ಉಣ್ಣುವಾಗಲೂ ತುತ್ತಿನ ನಡುವೆ. ನಾನು ಫೋನಿನಲ್ಲಿದ್ದರೂ, ಬೀಗರು ಮದುವೆಯ ಮಾತಿಗೆ ಬಂದರೂ ಅಷ್ಟೇ. ದನಿ ಮಾತ್ರ ಅದೇ ಹಳೆಯ ಭರ್ಜರಿ ದನಿ, ಒಂದು ಚೂರೂ ತಡವಿಲ್ಲ. ಪರದೆಯಲ್ಲಿ ಅವನ ಗೆರೆ ನೋಡಿದರೆ ಮುರಳೀಧರ ಅವರಿಗೆ ಬಹಳ ಸಂತೋಷವಾಗುತ್ತಿತ್ತು. ಮನೆಯಲ್ಲಿ ನಮಗೆ ತಲೆ ಚಿಟ್ಟುಹಿಡಿಯಿತು. ಆದರೆ ನಿಲ್ಲಿಸು ಎನ್ನುವ ಧೈರ್ಯ ಯಾರಿಗಿದೆ?

ಒಂದು ಸಂಜೆ ಅವ್ವ ಹೆಸರುಕಾಳು ಹಸನು ಮಾಡುತ್ತ ಕೂತಿದ್ದಳು. ಅಪ್ಪ ಎದುರಿಗೆ ಕೂತು ಬಲಗಡೆಯ ಸಾಲಿನಲ್ಲಿದ್ದ. ಅವ್ವ ಮೊರ ಕೆಳಗಿಟ್ಟಳು.

‘ಒಂದ್ ಮಾತು ಹೇಳ್ಲೇನ್ರಿ?’ ಕಂಬಕ್ಕಲ್ಲ, ಅವನಿಗೇ ಹೇಳಿದಳು. ‘ಮೊದ್ಲ ನೀವು ಸುಮ್ನ ಕುಂತ್ರ, ನನ್ ಮ್ಯಾಲೆ ಸಿಟ್ಟೈತಿ ಅಂತ ಗೊತ್ತಾಗ್ತಿತ್ತು. ಈಗ ಹೊತ್ತು ಹೊಂಟಾಗಿಂದ ಮಾತಾಡ್ತೀರಿ, ಯಾರ ಕೂಡ ಮಾತಾಡಾಕತ್ತೀರಿ ಅನ್ನೂದ ತಿಳಿಯಂಗಿಲ್ಲ. ನನ್ ಕೂಡ ಅಂತೂ ಅಲ್ಲ.’

ಅಪ್ಪನ ಮಾತು ಒಂದು ಅಂಗಡಿಯ ಹೆಸರಿನ ನಡುವೆ ನಿಂತಿತು. ‘ಯಪ್ಪಾ, ಮಾತಾಡು’ ಎನ್ನಲು ನನ್ನ ಬಾಯಿ ತೆರೆದಿತ್ತು, ಅನ್ನಲಾಗಲಿಲ್ಲ. ಅಪ್ಪ ನಿಧಾನವಾಗಿ ಪಟ್ಟಿಯ ಗುಂಡಿ ಬಿಚ್ಚಿದ. ಬಿಚ್ಚಿದ್ದನ್ನು ನನ್ನ ಕೈಗೆ ಕೊಟ್ಟ. ಅವ್ವನ ಹತ್ತಿರ ಸರಿದು ಕೂತು, ಬರೀ ತುಟಿಯಲ್ಲಿ ಏನೋ ಹೇಳಿದ.

‘ಏನಂದ್ರಿ?’ ಅವ್ವ ಅವನ ಬಾಯಿಯನ್ನೇ ನೋಡಿದಳು. ಅಪ್ಪ ಮತ್ತೆ ತುಟಿ ಆಡಿಸಿದ.

‘ಹೌದ? ಆವತ್ತ ನಕ್ಕಿದ್ದು ನಾ ಒಬ್ಬಾಕೀನ?’

ಅಪ್ಪ ಕೈ ಬೀಸಿ ಉದ್ದವಾಗಿ ಏನೋ ಹೇಳಿದ. ನನಗೆ ಒಂದಕ್ಷರವೂ ತಿಳಿಯಲಿಲ್ಲ.

‘ಅದನ್ನ ನಡುವ ತರಬ್ಯಾಡ್ರಿ! ನಮ್ಮಣ್ಣ ಅಂಥಾವಲ್ಲ!’ ಅವ್ವನ ದನಿ ಏರಿತು. ಅಪ್ಪ ಎದ್ದು ನಿಂತು, ಬೆರಳು ತೋರಿಸಿ, ಮುಖ ಕೆಂಪಾಗುವಂತೆ ಜಗಳ ಹೂಡಿದ. ಅವ್ವ ಒಂದೊಂದಕ್ಕೂ ಉತ್ತರ ಕೊಟ್ಟಳು. ನಡುವೆ ಒಮ್ಮೆ ಇಬ್ಬರೂ ನಕ್ಕರು, ಮತ್ತೆ ಜಗಳಕ್ಕೆ ಬಿದ್ದರು.

ನನ್ನ ಫೋನು ಮಿಡಿಯಿತು. ಅಪ್ಪನ ಗೆರೆಯ ಬಗ್ಗೆ ಯಜಮಾನನ ಸಂದೇಶ ಬಂದಿತ್ತು: ‘ಬಳಕೆದಾರರು ಮಾತಾಡುತ್ತಿಲ್ಲ. ಜಾಗವನ್ನು ಹಿಂಪಡೆಯಲಾಗುತ್ತಿದೆ. ಸಹಕರಿಸಿದ್ದಕ್ಕೆ ಧನ್ಯವಾದಗಳು.’